ಎರಡೂವರೆ ಸಾವಿರ ವರ್ಷದ ಸೂತಕ

ಫೆಬ್ರವರಿ 11, ಮಂಗಳವಾರ

ಇವತ್ತು ನಮ್ಮ ಹಿತ್ತಲಲ್ಲಿ ಹೆಣ ಸಿಕ್ಕಿತು. ಸಿಕ್ಕ ಹೊತ್ತಿಗೆ ನಾನು ಪಂಚಾಯ್ತಿ ಮೆಂಬರ ಮನೆಯ ಅಕ್ಕಿ ಬೀಸುತ್ತಿದ್ದೆ. ಆದ್ದರಿಂದ ಕೊಂದವಳು ನಾನಲ್ಲ ಎಂಬುದಕ್ಕೆ ಸಾಕ್ಷಿಯಿದೆ.

ಆದದ್ದು ಇಷ್ಟು. ಸಾಗರದಿಂದ ತರಿಸಿದ ಮೆಣಸಿನಪುಡಿ ಮೆಷಿನ್ ಗಿರಣಿಯ ಜಗಲಿಯಲ್ಲಿ ಗೋಣಿ ಹೊದ್ದುಕೊಂಡು ಕೂತಿದೆ. ಅದಕ್ಕೊಂದು ಶೆಡ್ ಬೇಕು. ಬೇಸಗೆ ಬಂತೆಂದರೆ ಹೊನ್ನೆಕೊಪ್ಪದ ಪ್ರತಿ ಮನೆಯವರೂ ವರ್ಷಕ್ಕಾಗುವಷ್ಟು ಖಾರದಪುಡಿ, ಸಾರಿನಪುಡಿ ಮಾಡಿಸುತ್ತಾರೆ. ಇಷ್ಟು ವರ್ಷ ನಮ್ಮೂರ ಮೆಣಸಿನಕಾಯಿಯೆಲ್ಲ ಬಸ್ಸು ಹತ್ತಿ ಹೊಸನಗರಕ್ಕೆ ಹೋಗಿ ಪುಡಿಯಾಗಿ ಬರುತ್ತಿತ್ತು. ಈ ವರ್ಷ ಅದು ನನ್ನ ಗಿರಣಿಗೇ ಬರಬೇಕು. ಈ ಬೇಸಗೆ ಕೈಹಿಡಿದರೆ ನಾನೂ ಅವ್ವನೂ ವರ್ಷವಿಡೀ ನೆಮ್ಮದಿಯಾಗಿರಬಹುದು, ಕೈಕೊಟ್ಟರೆ ಗಿರಣಿಗೆ ಬೀಗ. ಗಂಡ ಎನ್ನುವವನೊಬ್ಬ ಶಿವಮೊಗ್ಗದಲ್ಲಿದ್ದಾನೆ. ಅಲ್ಲೇ ಚೆನ್ನಾಗಿರಲಿ.

ಬೆಳ್ಳಪ್ಪ ಹಿತ್ತಲಲ್ಲಿ ಶೆಡ್ಡಿನ ಪಾಯ ತೋಡುತ್ತಿದ್ದ. ಅವನ ಹಾರೆ ಒಂದು ಚಪ್ಪಡಿ ಕಲ್ಲಿಗೆ ತಾಗಿದೆ. ಕಲ್ಲು ಸರಿಸಿದರೆ ಕೆಳಗೆ ಕಲ್ಲಿನದೇ ಪೆಟ್ಟಿಗೆಯಂಥದ್ದು, ಅದರೊಳಗೊಂದು ಮಡಕೆ, ಮಡಕೆಯೊಳಗೆ ಮೂಳೆ. ಅವನು ಬಂದು ನನ್ನನ್ನು ಕರೆದ ರೀತಿ ನೋಡಬೇಕಿತ್ತು.

"ಅಕ್ಕಾ, ಮಿಷನ್ ನಿಲ್ಸಿ ಬನ್ನಿ. ಇಲ್ಲಿ ಯಾರೋ ಇದಾರೆ."

ನಾನು ಹೋಗುವಷ್ಟರಲ್ಲಿ ಅವ್ವ ಅಲ್ಲಿದ್ದಳು. ಮಡಕೆಯೊಳಗೆ ಇಣುಕಿದವಳೇ "ಅಯ್ಯೋ ನನ್ನವ್ವಾ" ಎಂದು ಕೂಗಿದಳು. ಆ ಕೂಗು ಕೆರೆಯಾಚೆಗೂ ಕೇಳಿರಬೇಕು. ನೇರ ಒಳಗೆ ಹೋಗಿ ಒಲೆ ಆರಿಸಿದಳು. ಆಗಷ್ಟೇ ಬಸಿದಿದ್ದ ಅನ್ನವನ್ನು ತೆಂಗಿನ ಬುಡಕ್ಕೆ ಚೆಲ್ಲಿದಳು, ಕೊಡಗಳನ್ನೆಲ್ಲ ಬೋರಲು ಹಾಕಿದಳು. ಆಮೇಲೆ ಉಟ್ಟ ಸೀರೆಯಲ್ಲೇ ತಲೆಗೆ ನೀರು ಹೊಯ್ದುಕೊಂಡಳು. ಬೇಲಿಯಾಚೆ ನಿಂತವರೆಲ್ಲ ನೋಡಿದರು.

ನನಗಾಗ ಹೊಳೆದದ್ದು ಮಧ್ಯಾಹ್ನದ ಊಟ ಹೋಯಿತಲ್ಲ ಎಂಬುದೊಂದೇ. ಬೆಳ್ಳಪ್ಪನೂ ನಾನೂ ಬಿಸ್ಕತ್ತು ತಿಂದೆವು.

ಫೆಬ್ರವರಿ 12, ಬುಧವಾರ

ಬೆಳಿಗ್ಗೆಯಿಂದ ಗಿರಣಿಗೆ ಒಂದು ನರಪಿಳ್ಳೆಯೂ ಬಂದಿಲ್ಲ. ನಿನ್ನೆ ಬೀಸಿಟ್ಟ ಮೆಂಬರ ಹಿಟ್ಟನ್ನೂ ಒಯ್ದಿಲ್ಲ. ಕರೆಂಟು ಮಾತ್ರ ಇವತ್ತು ಒಂದು ನಿಮಿಷವೂ ಹೋಗಲಿಲ್ಲ. ಇಂಥ ದಿನಕ್ಕೇ ಕಾಯುತ್ತಿತ್ತು ಅನಿಸುತ್ತದೆ.

ಸಂಜೆ ಕನ್ನಪ್ಪಣ್ಣ ಬಂದು ರಸ್ತೆಯಲ್ಲೇ ನಿಂತರು. ಮದುವೆ, ಸಾವು, ಬಾಣಂತನ ಯಾವುದರಲ್ಲೇ ಆಗಲಿ, ಯಾವುದು ಸರಿ ಯಾವುದು ತಪ್ಪು ಎಂದು ಊರಿಗೆ ಹೇಳುವವರು ಇವರು. ಕೇಳದಿದ್ದರೂ ಹೇಳುತ್ತಾರೆ.

"ಆಶಾ, ನಿಮ್ಮನೆಗೆ ಸೂತಕ ಬಂತು ಕಣೆ."

"ಯಾರು ಸತ್ರು ಕನ್ನಪ್ಪಣ್ಣ?"

"ಯಾರಾದ್ರೂ ಆಗ್ಲಿ. ಊರಲ್ಲಿ ಯಾರೋ ಸತ್ರೆ ನಾವು ಕಾಲು ತೊಳ್ಕಂಡು ಒಳಗೆ ಹೋಗ್ತೀವಿ. ಒಲೆ ಆರ್ಸಿ, ಅನ್ನ ಚೆಲ್ಲಿ, ಉಟ್ಟ ಬಟ್ಟೇಲಿ ಮೀಯೋದು ಸತ್ತೋರ ಮನೆಯೋರು ಮಾತ್ರ. ನಿಮ್ಮವ್ವ ಎಲ್ಲಾ ಮಾಡಿ ಮುಗಿಸಿದ್ಲು. ಅಂದ್ಮೇಲೆ ಅದು ನಿಮ್ಮನೆ ಸಾವು."

"ನಮ್ಮ ಹಿಟ್ಟು?"

"ಸೂತಕದ ಮನೇದು ಸೂತಕದೋರೇ ತಿನ್ಬೇಕು. ಬೇರೆಯೋರು ಮುಟ್ಟಂಗಿಲ್ಲ."

ಒಳಗೆ ಬಂದು ಅವ್ವನ ಮೇಲೆ ಹಾರಾಡಿದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ ಹೇಳಿದಳು: "ಮೂಳೆ ಕಣ್ಣಿಗೆ ಬಿತ್ತು. ಯಾರ್ದು, ಎಂತ, ಯಾವ ಕಡೇರು ಅಂತ ಕೇಳ್ಕಂಡು ಕೂರಕ್ಕಾಗ್ತದಾ?"

ಆಗುತ್ತದೆ. ಬೇರೆಯವರೆಲ್ಲ ಕೂತಿದ್ದಾರೆ.

ಫೆಬ್ರವರಿ 14, ಶುಕ್ರವಾರ

ಬೆಳ್ಳಪ್ಪ ಮೂಳೆಯ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದನಂತೆ, ಕೆಳಗೆ ಗುಲಾಬಿ ಹೂವಿನ ಸಮೇತ. ಅದು ಅಲ್ಲಿ ಇಲ್ಲಿ ಸುತ್ತಿ ತೀರ್ಥಹಳ್ಳಿಯ ಒಬ್ಬ ಪ್ರಾಧ್ಯಾಪಕರಿಗೆ ಮುಟ್ಟಿ, ಅವರು ಇವತ್ತು ಹಾಜರಾದರು. ಹೆಸರು ಅಭಯಕುಮಾರ. ಹಳೆಯ ಕಾಲದ ಗೋರಿಗಳನ್ನು ಅಗೆದು ಅಭ್ಯಾಸ ಮಾಡುವುದು ಅವರ ಕೆಲಸ. ಇಲಾಖೆಯ ಅನುಮತಿಗೆ ಬರೆದು, ಅದು ಬರುವ ತನಕ ಯಾರೂ ಮುಟ್ಟಬಾರದೆಂದು ಗುಂಡಿಯ ಸುತ್ತ ಹಗ್ಗ ಕಟ್ಟಿದರು. ಮುಟ್ಟುವವರು ಇದ್ದರಲ್ಲವೇ.

ಮಡಕೆ ಒಳಗೆ ಕಪ್ಪು, ಹೊರಗೆ ಕೆಂಪು. ಅದನ್ನು ನೋಡಿ ಅವರ ಕಣ್ಣು ಒದ್ದೆಯಾಯಿತು. ನನ್ನ ಮದುವೆಯಲ್ಲಿ ಗಂಡಿನ ಕಣ್ಣೂ ಹಾಗೆ ಆಗಿರಲಿಲ್ಲ.

"ಎರಡೂವರೆ ಸಾವಿರ ವರ್ಷ ಆಗಿರಬಹುದಮ್ಮ. ಪರೀಕ್ಷೆ ಆದ ಮೇಲೆ ಖಚಿತ ಹೇಳಬಹುದು. ಸತ್ತವರ ಮೂಳೆ ಆಯ್ದು, ಮಡಕೇಲಿ ಇಟ್ಟು, ಕಲ್ಲಿನ ಕೋಣೆ ಕಟ್ಟಿ ಹೂಳ್ತಿದ್ರು. ನಮ್ಮ ಈ ಮಣ್ಣಲ್ಲಿ ಮೂಳೆ ಉಳಿಯೋದೇ ಅಪರೂಪ. ನೀವು ಪುಣ್ಯವಂತರು."

ಪುಣ್ಯವಂತರು! ಎದುರಿಗೆ ಖಾಲಿ ಗಿರಣಿ.

ಫೆಬ್ರವರಿ 16, ಭಾನುವಾರ

ಎರಡೂವರೆ ಸಾವಿರ ವರ್ಷ ಎಂಬುದು ಕೈಗೆ ಸಿಕ್ಕ ಮೇಲೆ ನನಗೆ ಧೈರ್ಯ ಬಂತು. ಕನ್ನಪ್ಪಣ್ಣನ ಮನೆಯಂಗಳಕ್ಕೇ ಹೋದೆ. ಹೊರಗೇ ನಿಲ್ಲಿಸಿದರು.

"ಸತ್ತು ಎರಡೂವರೆ ಸಾವಿರ ವರ್ಷ ಆಯ್ತಂತೆ ಕನ್ನಪ್ಪಣ್ಣ. ಯಾವ ಸೂತಕ ಅಷ್ಟು ದಿನ ಇರ್ತದೆ? ಎಂದೋ ಕಳ್ದೋಯ್ತು."

ಅವರು ಎಲೆಯಡಿಕೆ ಉಗಿದು ಬಂದು ಸಮಾಧಾನವಾಗಿ ಹೇಳಿದರು: "ಸತ್ತ ದಿನದ ಲೆಕ್ಕ ಅಲ್ಲ ಕಣೆ, ಸುದ್ದಿ ಮುಟ್ಟಿದ ದಿನದ ಲೆಕ್ಕ. ನನ್ನ ಚಿಕ್ಕಪ್ಪ ಬೊಂಬಾಯಲ್ಲಿ ಸತ್ತಿದ್ದು ಮಳೆಗಾಲದಲ್ಲಿ. ನಮಗೆ ಕಾಗದ ಬಂದಿದ್ದು ಸುಗ್ಗೀಲಿ. ಅವತ್ತಿಂದ್ಲೇ ಸೂತಕ ಹಿಡಿದ್ವಿ. ನಿಮಗೆ ಸುದ್ದಿ ಸ್ವಲ್ಪ ತಡವಾಗಿ ಬಂದದೆ, ಅಷ್ಟೇ."

ಒಪ್ಪಿಕೊಳ್ಳಬೇಕು, ಅವರ ಮಾತಿನಲ್ಲಿ ಒಂದು ಸಂದೂ ಸಿಗಲಿಲ್ಲ. ಹನ್ನೊಂದನೇ ದಿನ ಮಾಡಿ, ಎಡೆ ಇಟ್ಟು, ನಾಲ್ಕು ಜನಕ್ಕೆ ಊಟ ಹಾಕಿದರೆ ಕಳೆಯುತ್ತದಲ್ಲ ಎಂದೆ. ಕಳೆಯುತ್ತದಂತೆ, ಆದರೆ ಮೂಳೆ ಮಣ್ಣಿಗೆ ಸೇರಿದ ಮೇಲೆ.

ಮಣ್ಣಿನಲ್ಲೇ ಇದ್ದಳಲ್ಲ, ಮಹಾರಾಯ. ಅಲ್ಲ, ಇದ್ದನೋ ಇದ್ದಳೋ ಯಾರಿಗೆ ಗೊತ್ತು.

ಫೆಬ್ರವರಿ 22, ಶನಿವಾರ

ಅನುಮತಿ ಬಂದು ಅಗೆತ ಶುರುವಾಗಿದೆ. ಅಭಯಕುಮಾರರು ಜೈನರು. ಎರೆಹುಳು ಸಿಕ್ಕರೆ ಅದನ್ನು ಎಲೆಯ ಮೇಲೆ ಕೂರಿಸಿ ಬಾಳೆಬುಡಕ್ಕೆ ಬಿಟ್ಟುಬಂದು ಆಮೇಲೆ ಮುಂದುವರಿಯುತ್ತಾರೆ. ಅಗೆಯುವುದೂ ಹಾರೆಯಲ್ಲಿ ಅಲ್ಲ, ಬ್ರಷ್ಷಿನಲ್ಲಿ. ಹೀಗೇ ಸಾಗಿದರೆ ಇವರು ತಳ ಮುಟ್ಟುವ ಹೊತ್ತಿಗೆ ನಮ್ಮನ್ನು ಅಗೆಯುವವರು ಹುಟ್ಟಿರುತ್ತಾರೆ. ಹೊತ್ತು ಮುಳುಗುವ ಮೊದಲು ಊಟವಾಗಬೇಕೆಂದು ಐದಕ್ಕೇ ಹೊರಡುತ್ತಾರೆ.

ಸೂತಕದ ಮನೆಯೆಂದು ಬೇರೆ ಯಾರೂ ಬರುವುದಿಲ್ಲ, ನನಗೂ ಬೇರೆ ಕೆಲಸವಿಲ್ಲ. ಗುಂಡಿಯ ದಡದಲ್ಲಿ ಕೂತು ಪಾಠ ಕೇಳುತ್ತೇನೆ. ಆ ಜನ ಭತ್ತ ಬೆಳೆಯುತ್ತಿದ್ದರಂತೆ, ಕಬ್ಬಿಣ ಕಾಸುತ್ತಿದ್ದರಂತೆ. ಮನುಷ್ಯರು ಧಾನ್ಯ ಕೂಡಿಡಲು ಕಲಿತ ಮೇಲೆಯೇ ಊರು, ಪೇಟೆ, ರಾಜ್ಯ ಎಲ್ಲ ಹುಟ್ಟಿತಂತೆ. ಇರಬಹುದು. ಧಾನ್ಯ ಕೂಡಿಟ್ಟ ಮಾರನೇ ದಿನ ಅದನ್ನು ಬೀಸಿ ಕೊಡು ಎಂದು ಯಾರಿಗೋ ಹೇಳಿರುತ್ತಾರೆ. ಅವಳ ಸುದ್ದಿ ಪಾಠದಲ್ಲಿ ಬರಲಿಲ್ಲ.

ಮಧ್ಯಾಹ್ನ ಮಡಕೆಯ ಪಕ್ಕದಲ್ಲಿ ಒಂದು ಕಲ್ಲು ಸಿಕ್ಕಿತು. ನಡುವೆ ತಗ್ಗಾಗಿ ಸವೆದ ಕಲ್ಲು. ಜೊತೆಗೆ ಅಂಗೈ ತುಂಬುವಂಥ ಇನ್ನೊಂದು ಉದ್ದನೆಯ ಕಲ್ಲು. ಮಂಡಿಯೂರಿ ಕೂತು, ಕಾಳು ಹಾಕಿ, ಹಿಂದೆ ಮುಂದೆ ಉಜ್ಜಿ ಹಿಟ್ಟು ಮಾಡುವುದು ಅದರಲ್ಲಿ.

"ಇಂಥದ್ದನ್ನ ಹೆಂಗಸಿನ ಜೊತೆ ಇಟ್ಟಿರೋ ಸಾಧ್ಯತೆ ಹೆಚ್ಚು. ಪರಲೋಕದಲ್ಲೂ ಬೇಕಾಗ್ತದೆ ಅನ್ನೋ ನಂಬಿಕೆ" ಎಂದರು ಅಭಯಕುಮಾರರು.

ನೋಡಿ, ಸತ್ತ ಮೇಲೂ ಬಿಡಲಿಲ್ಲ. ಗಂಡಸು ಸತ್ತರೆ ಕತ್ತಿ ಇಡುತ್ತಿದ್ದರಂತೆ. ಮೇಲೆ ಹೋಗಿ ಅವನು ಬೇಟೆಯಾಡುತ್ತಾನೆ, ಇವಳು ಹಿಟ್ಟು ಬೀಸುತ್ತಾಳೆ. ಅಜ್ಜಿಗೆ ಒಂದು ದಿನವಾದರೂ ರಜೆ ಕೊಡಬಾರದಿತ್ತೇ?

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಅವ್ವ ದೇವಸ್ಥಾನಕ್ಕೆ ಹೋಗುವಂತಿಲ್ಲ. ಹೊಸನಗರದ ಬಸ್ಸಿನ ಮೇಲೆ ಮೆಣಸಿನಕಾಯಿ ಮೂಟೆ ಹೋಗುವುದನ್ನು ಎಣಿಸಬಾರದು ಎಂದುಕೊಂಡು ಒಳಗೇ ಕೂತಿದ್ದೆ.

ಮಾರ್ಚ್ 2, ಭಾನುವಾರ

ಹಲ್ಲುಗಳು ಹೊರಬಂದವು. ಒಂದೊಂದನ್ನೂ ಹತ್ತಿಯ ಮೇಲೆ ಇಟ್ಟು ತೋರಿಸಿದರು. ದವಡೆ ಹಲ್ಲಿನ ತಲೆಯೆಲ್ಲ ಸವೆದು ಬಟ್ಟಲಿನಂತಾಗಿದೆ. ಕಲ್ಲಿನಲ್ಲಿ ಬೀಸಿದ ಹಿಟ್ಟಿನಲ್ಲಿ ಕಲ್ಲಿನ ಪುಡಿ ಸೇರಿ, ಅದನ್ನು ತಿಂದೂ ತಿಂದೂ ಹೀಗಾಗುತ್ತದಂತೆ. ಹಿಟ್ಟಿನಲ್ಲಿ ಮರಳು ಕರಕರ ಎನ್ನುತ್ತದೆ ಎಂದು ನನ್ನ ಹತ್ತಿರ ಜಗಳಕ್ಕೆ ಬರುವ ಗಿರಾಕಿಗಳಿಗೆಲ್ಲ ಇದನ್ನು ತೋರಿಸಬೇಕು ಎಂದೆ. ನಕ್ಕರು. ಆಮೇಲೆ ಕಾಲ್ಬೆರಳಿನ ಒಂದು ಮೂಳೆ ತೋರಿಸಿದರು. ಗಂಟಿನ ಹತ್ತಿರ ಸವೆದು ಅಗಲವಾಗಿದೆ. ಸಣ್ಣಂದಿನಿಂದ ಮಂಡಿಯೂರಿ ಬೆರಳ ಮೇಲೆ ಭಾರ ಹಾಕಿ ಕೂತವರಿಗೆ ಹಾಗಾಗುತ್ತದಂತೆ.

"ಪಾಪ, ಅಜ್ಜಿ" ಎಂದೆ.

"ಅಜ್ಜಿ ಅಲ್ಲಮ್ಮ. ಮೇಲೆ ನೋಡಿದ್ರೆ ಮುದುಕಿ ಹಲ್ಲು. ಬೇರು ನೋಡಿ. ಕೊನೇ ದವಡೆ ಹಲ್ಲಿನ ಬೇರು ಈಗಷ್ಟೇ ಕೂಡಿದೆ. ಇಪ್ಪತ್ತೆರಡು, ಹೆಚ್ಚಂದ್ರೆ ಇಪ್ಪತ್ತೈದು."

ನಾನು ಗಿರಣಿಗೆ ಕೂತದ್ದು ಇಪ್ಪತ್ತಮೂರಕ್ಕೆ. ಆಗ ನನ್ನ ಕೂದಲಿನ ಮೇಲೆ ಬಿದ್ದ ಹಿಟ್ಟು ನೋಡಿ ಜನ ಅಜ್ಜೀ ಎಂದು ಕಿಚಾಯಿಸುತ್ತಿದ್ದರು. ನನಗೆ ಈಗ ನಲವತ್ತೊಂದು. ಹಲ್ಲು ಎಲ್ಲ ಇವೆ.

ಅನ್ನ ಸೇರಲಿಲ್ಲ. ಹೊತ್ತಾಗಿ ಕುಡಿದ ಚಹಾದ ತಪ್ಪು ಇರಬೇಕು.

ಮಾರ್ಚ್ 6, ಗುರುವಾರ

ಎರಡು ಸುದ್ದಿ. ಮೊದಲನೆಯದು, ಸೋಮವಾರ ಅಭಯಕುಮಾರರು ಅವಳನ್ನು ಪರೀಕ್ಷೆಗೆ ಒಯ್ಯುತ್ತಾರೆ. ಎಷ್ಟು ಕಾಲ ಎಂದು ಕೇಳಿದ್ದಕ್ಕೆ ಅವರು ಕನ್ನಡಕ ಒರೆಸಿಕೊಂಡರು. ವರ್ಷ ಆಗಬಹುದು, ಹೆಚ್ಚೂ ಆಗಬಹುದು. ಅಂದರೆ ಅಲ್ಲಿಯ ತನಕ ಮೂಳೆ ಮಣ್ಣಿಗಿಲ್ಲ, ದಿನ ಮಾಡುವಂತಿಲ್ಲ, ಗಿರಣಿಗೆ ಗಿರಾಕಿ ಇಲ್ಲ. ಅವ್ವ ಸೂತಕದಲ್ಲಿ, ಗಿರಣಿ ಸೂತಕದಲ್ಲಿ, ಗೋಣಿ ಹೊದ್ದ ಮೆಷಿನ್ನೂ ಸೂತಕದಲ್ಲಿ.

ಎರಡನೆಯದು, ಕನ್ನಪ್ಪಣ್ಣ ತಾವಾಗಿ ಬಂದು ಒಂದು ದಾರಿ ಹೇಳಿದರು. ಅವರಿಗೂ ಬೇಜಾರಾಗಿದೆ. ಕೆಟ್ಟವರಲ್ಲ, ನಿಯಮದವರು ಅಷ್ಟೇ.

"ನಿಮ್ಮವ್ವ ಗಾಬರೀಲಿ ಮಾಡಿದ್ಲು ಅಂತ ಇಟ್ಕಳನ. ಭಾನುವಾರ ಎಲ್ರ ಎದುರಿಗೆ ನೀನು ಹೊಸಿಲ ಮೇಲೆ ನಿಂತು, ಅಂಗೈಲಿ ಎಳ್ಳು ನೀರು ಹಿಡ್ದು, 'ಅವಳು ನಮಗೆ ಯಾರೂ ಅಲ್ಲ, ನಮಗೂ ಅವಳಿಗೂ ಋಣ ಇಲ್ಲ' ಅಂತ ಬಿಟ್ಬಿಡು. ಅಲ್ಲಿಗೆ ಸೂತಕ ಹರೀತು. ಸೋಮವಾರದಿಂದ ಗಿರಣಿ ಶುರು ಮಾಡು. ನಮ್ಮನೆ ಮೆಣಸಿನಕಾಯೇ ಮೊದ್ಲು."

ಇಷ್ಟು ಸುಲಭದ ದಾರಿ ಇಟ್ಟುಕೊಂಡು ಇಷ್ಟು ದಿನ ಸತಾಯಿಸಿದರಲ್ಲ ಎಂದು ಸಿಟ್ಟು ಬಂತು. ಆದರೂ ಸೈ ಎಂದೆ. ಎಳ್ಳೂ ಇದೆ, ನೀರೂ ಇದೆ, ಬಾಯಂತೂ ಇದ್ದೇ ಇದೆ. ಅವ್ವ ಎಳ್ಳಿನ ಡಬ್ಬ ತಂದು ನನ್ನ ಮುಂದಿಟ್ಟು ಒಳಗೆ ಹೋದಳು. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು.

ಮಾರ್ಚ್ 9, ಭಾನುವಾರ

ಮೊದಲಿಂದ ಬರೆಯುತ್ತೇನೆ, ಇಲ್ಲದಿದ್ದರೆ ನಾನೇ ನಂಬುವುದಿಲ್ಲ.

ಬೆಳಿಗ್ಗೆ ಊರೆಲ್ಲ ಗಿರಣಿಯಂಗಳದಲ್ಲಿ ಸೇರಿತ್ತು. ಗಂಡಸರು ಬೆಂಚಿನ ಮೇಲೆ, ಹೆಂಗಸರು ಬೇಲಿಯ ಹತ್ತಿರ. ಜಗಲಿಯ ಮೂಲೆಯಲ್ಲಿ ಅಭಯಕುಮಾರರ ಮರದ ಪೆಟ್ಟಿಗೆ. ನಾಳೆಯ ಪ್ರಯಾಣಕ್ಕೆಂದು ಅವಳನ್ನು ಹತ್ತಿಯಲ್ಲಿ ಮಲಗಿಸಿ ಅದರಲ್ಲಿ ಇಟ್ಟಿದ್ದರು. ಕಾವಲಿಗೆಂಬಂತೆ ಅವರೂ ಪಕ್ಕದಲ್ಲಿ ಕೂತಿದ್ದರು.

ಹೊಸಿಲ ಮೇಲೆ ನಿಂತೆ. ಕನ್ನಪ್ಪಣ್ಣ ಅಂಗೈಗೆ ಎಳ್ಳು ಹಾಕಿ ನೀರು ಬಿಟ್ಟರು. "ಹೇಳು" ಎಂದರು.

"ಅವಳು ನಮಗೆ" ಎಂದೆ. ಅಷ್ಟಕ್ಕೇ ನಿಂತುಹೋಯಿತು. ನನ್ನ ಬಾಯಿ ಹಾಗೆ ನಿಂತದ್ದನ್ನು ಈ ಊರು ನೋಡಿಲ್ಲ. ಬೆರಳ ಸಂದಿಯಿಂದ ನೀರು ಸೋರುತ್ತಿತ್ತು. ಎದುರಿಗೆ ಗೋಣಿ ಹೊದ್ದ ಮೆಷಿನ್, ಅದರಾಚೆ ಆ ಪೆಟ್ಟಿಗೆ.

"ಹೇಳೇ, ನೀರು ಖಾಲಿ ಆಗ್ತದೆ."

"ಆಗಲ್ಲ ಕನ್ನಪ್ಪಣ್ಣ" ಎಂದೆ. "ನಮ್ಮ ಹಿತ್ತಲಲ್ಲೇ ಇದ್ಲು. ನಾನು ಮಾಡೋ ಕೆಲಸನೇ ಮಾಡ್ತಿದ್ಲು. ಬೀಸೀ ಬೀಸೀ ಇಪ್ಪತ್ತೈದಕ್ಕೆ ಹಲ್ಲು ಸವೆಸ್ಕಂಡು ಸತ್ಲು. ಅವಳನ್ನ ಯಾರೂ ಅಲ್ಲ ಅಂತ ಹೆಂಗೆ ಹೇಳ್ಲಿ? ನಿಮ್ಮ ಮೆಣಸಿನಕಾಯಿ ಹೊಸನಗರಕ್ಕೇ ಹೋಗ್ಲಿ ಅತ್ಲಾಗೆ."

ಹೇಳಿದ ಮರುಕ್ಷಣವೇ, ಬೇಸಗೆ ಹೋಯಿತು, ಗಿರಣಿ ಹೋಯಿತು, ನನಗೇನು ತಲೆ ಕೆಟ್ಟಿದೆಯೇ ಎಂದೂ ಅನಿಸಿತು. ನಾಲಿಗೆ ಕಚ್ಚಿಕೊಂಡು ಇನ್ನೊಂದು ಸಲ ನೀರು ಹಾಕಿ ಎನ್ನಬೇಕಿತ್ತು. ಎನ್ನಲಿಲ್ಲ.

ಕನ್ನಪ್ಪಣ್ಣ ಟವೆಲ್ ಕೊಡವಿ ಎದ್ದರು. "ಹಂಗಾದ್ರೆ ಮುಗೀತು. ಸೂತಕ ನಿಮ್ಮದು, ನೀವೇ ಅನುಭವಿಸಿ. ನಡೀರಿ ಎಲ್ರೂ."

ಯಾರೋ ಕೆಮ್ಮಿದರು. ಬೇಲಿಯ ಹತ್ತಿರ ಕನ್ನಪ್ಪಣ್ಣನ ಹೆಂಡತಿ ಹುಲಿಯಮ್ಮಕ್ಕ. ನಾಲ್ಕು ಜನರ ಎದುರು ಆಕೆ ಬಾಯಿ ಬಿಟ್ಟದ್ದನ್ನು ನಾನು ಕಂಡಿಲ್ಲ.

"ಒಂದ್ಮಾತು. ಮೂಳೆ ಸಿಕ್ಕ ದಿನ ಮಧ್ಯಾಹ್ನ ನಿಮಗೆ ಊಟಕ್ಕೆ ಎಂತ ಹಾಕಿದ್ದೆ, ನೆನಪದೆಯಾ?"

"ಅದೆಂತ ಈಗ? ನೀನು ಅವಲಕ್ಕಿ ಹಾಕಿದ್ದೆ. ಅಕ್ಕಿ ಮುಗ್ದದೆ ಅಂದೆ."

"ಅಕ್ಕಿ ಇತ್ತು. ಮಾಡಿದ ಅನ್ನನ ಚೆಲ್ಲಿದ್ದೆ. ಆಶನ ಅವ್ವ ಹೂವಮ್ಮನ ಕೂಗು ಕೇಳ್ತು, ಯಾರೋ ಹೆಣ್ಮಗಳು ಹೋದ್ಲು ಅನ್ನಿಸ್ತು. ಒಲೆ ಆರ್ಸಿ, ಉಟ್ಟ ಬಟ್ಟೇಲೇ ಮಿಂದೆ. ನಿಮಗೆ ಹೇಳಕ್ಕೆ ಹೆದರಿಕೆ ಆತು."

ಅಷ್ಟರಲ್ಲಿ ಬೆಳ್ಳಪ್ಪನ ಹೆಂಡತಿ ಅವನ ಬೆನ್ನ ಹಿಂದಿನಿಂದ "ನಾನೂನೂ" ಎಂದಳು. ಬೆಳ್ಳಪ್ಪ ತಿರುಗಿ ನೋಡಿದ: "ಅದಕ್ಕೇನೇ ಅವತ್ತು ನಂಗೆ ಮನೇಲೂ ಬಿಸ್ಕತ್ತು?" ಆಮೇಲೆ ಮೆಂಬರ ಅತ್ತಿಗೆ. ಆಮೇಲೆ ಶಾಲೆಯ ಬಿಸಿಯೂಟದವಳು. ಶಾಲೆಯ ಅನ್ನ ಚೆಲ್ಲಲಿಲ್ಲ, ಮನೆಯದ್ದು ಮಾತ್ರ ಎಂದು ಅವಸರದಲ್ಲಿ ಸೇರಿಸಿದಳು. ಬೇಲಿಯುದ್ದಕ್ಕೂ ಹೀಗೇ ಹೋಯಿತು. ಎಲ್ಲರೂ ನಿಜ ಹೇಳಿದರೋ, ಒಬ್ಬಿಬ್ಬರು ಆಗಿಂದಾಗ ಸೇರಿಕೊಂಡರೋ ನಾನು ಕೇಳಲು ಹೋಗಿಲ್ಲ.

ಕನ್ನಪ್ಪಣ್ಣ ಬೆಂಚಿನ ಮೇಲೆ ಮತ್ತೆ ಕೂತರು. "ಹಂಗಾದ್ರೆ ಅವತ್ತಿಂದ ನಾನು ಉಂಡಿದ್ದೆಲ್ಲ ಸೂತಕದ ಊಟನಾ?"

"ಹೂಂ" ಎಂದರು ಹುಲಿಯಮ್ಮಕ್ಕ. "ಎರಡೆರಡು ಸಲ ಹಾಕಿಸ್ಕಂಡ್ರಿ."

"ಶಿವರಾತ್ರಿಗೆ ಗುಡಿ ಒಳಗೆ ಹೋಗಿ ಬಂದ್ನಲ್ಲೇ!"

"ಶಿವ ಎಂತ ಅಂದ?"

ಅಭಯಕುಮಾರರು ನಗು ತಡೆಯಲಾರದೆ ಪೆಟ್ಟಿಗೆಯ ಮೇಲೆ ಬಗ್ಗಿದರು. ಕನ್ನಪ್ಪಣ್ಣ ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. ಆದರೆ ನಿಯಮದವರು ಎಂದೆನಲ್ಲ, ಅವರ ನಿಯಮವೇ ಅವರನ್ನು ಎಬ್ಬಿಸಿತು. ಸೂತಕದ ಮನೆಯದನ್ನು ಸೂತಕದವರೇ ತಿನ್ನಬೇಕು. ಈಗ ಊರಿನಲ್ಲಿ ಸೂತಕ ಇಲ್ಲದವರು ಯಾರು?

"ನಾಳೆ ಬೆಳಿಗ್ಗೆ ಮೆಣಸಿನಕಾಯಿ ಕಳಿಸ್ತೀನಿ" ಎಂದರು ನನ್ನ ಮುಖ ನೋಡದೆ. "ಬ್ಯಾಡಗಿ. ನುಣ್ಣಗೆ ಬೇಕು."

ಮಾರ್ಚ್ 10, ಸೋಮವಾರ

ಅಭಯಕುಮಾರರ ಜೀಪು ಹೊರಟಿತು. ಪೆಟ್ಟಿಗೆ ಕಾಲಡಿ ಇಡಬೇಡಿ, ತೊಡೆಯ ಮೇಲೆ ಇಟ್ಟುಕೊಳ್ಳಿ ಎಂದೆ. ಇಟ್ಟುಕೊಂಡರು. ಮೆಷಿನ್ ಜಗಲಿಯಲ್ಲೇ ಶುರು. ಹಿತ್ತಲಲ್ಲಿ ಶೆಡ್ ಕಟ್ಟುವುದಿಲ್ಲ, ಅವಳು ಬಂದರೆ ಜಾಗ ಬೇಕಲ್ಲ. ಕಣ್ಣು, ಮೂಗು, ಗಂಟಲು ಎಲ್ಲ ಉರಿ. ಬರೆಯಲು ಆಗುತ್ತಿಲ್ಲ.

ಮಾರ್ಚ್ 28, ಶುಕ್ರವಾರ

ಇಷ್ಟು ದಿನ ಪುರುಸೊತ್ತಿರಲಿಲ್ಲ. ಯುಗಾದಿಯ ಮೊದಲು ಪುಡಿಯಾಗಬೇಕೆಂದು ಸಾಲು ರಸ್ತೆಯ ತನಕ ಬರುತ್ತದೆ. ಊರಿಗೇ ಸೂತಕವಾದ್ದರಿಂದ ಗುಡಿಯ ಭಟ್ಟರೊಬ್ಬರೇ ಗಂಟೆ ಬಾರಿಸಿಕೊಂಡು ಕೂತಿದ್ದಾರೆ, ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಮಧ್ಯಾಹ್ನ ಅಭಯಕುಮಾರರ ಫೋನು. ಕೆಲಸ ನಡೆಯುತ್ತಿದೆ, ಆದರೆ ನಿಧಾನ. ಮುಗಿದ ಮೇಲೆ ಎಲ್ಲವನ್ನೂ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡುವ ಮಾತಿದೆಯಂತೆ. ಅವರ ಧ್ವನಿಯೂ ಸಪ್ಪಗಿತ್ತು. ಅದನ್ನು ಸಾಲಿನವರಿಗೆ ಕೂಗಿ ಹೇಳಿದೆ. ಸಾಲಿನಲ್ಲಿದ್ದ ಕನ್ನಪ್ಪಣ್ಣ ಅಕ್ಕಿ ಡಬ್ಬ ಕೆಳಗಿಟ್ಟು ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡರು.

"ಸ್ವಾಮೀ, ನಾನು ಹೊನ್ನೆಕೊಪ್ಪದ ಕನ್ನಪ್ಪ. ಮಡಕೆ ಬೇಕಾದ್ರೆ ನೀವೇ ಇಟ್ಕಳಿ. ಆ ಬೀಸೋ ಕಲ್ಲೂ ಇಟ್ಕಳಿ, ಅವಳಿಗೆ ಅದು ಬ್ಯಾಡ, ಸಾಕಾಗದೆ. ನಮ್ಮ ಹುಡುಗೀನ ಮಾತ್ರ ಮನೆಗೆ ಕಳ್ಸಿ. ಎಷ್ಟು ವರ್ಷ ಆದ್ರೂ ಸೂತಕ ಹಿಡೀತೀವಿ. ಊರೋರೆಲ್ಲ ಕಾಯ್ತಿದೀವಿ ಅಂತ ಮೇಲಿನೋರಿಗೆ ಹೇಳಿ."

ಫೋನು ವಾಪಸು ಕೊಟ್ಟು, ಎಂತ ನೋಡ್ತೀ, ಬೀಸು ಎಂದು ಗದರಿದರು. ನಾನು ಅಳುತ್ತಿದ್ದೆ. ಖಾರದ ಘಾಟು ಎಂದು ಹೇಳಬಹುದಿತ್ತು, ಆದರೆ ನಾನು ಆಗ ಬೀಸುತ್ತಿದ್ದದ್ದು ಅಕ್ಕಿ.